ಮನೆಯಲ್ಲಿ ಕುಳಿತ ಮಗಳಿಗೆ ನೋಂದಣಿ ಸಂಖ್ಯೆ ಇದೆಯೇ?

(ಶಿವಮೊಗ್ಗದಲ್ಲಿ ಜರುಗಿದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಮಗಳು ಏನು ಮಾಡುತ್ತಿದ್ದಾಳೆ ಎಂದು ಕೇಳಿದರೆ, "ಮನೆಯಲ್ಲೇ ಓದುತ್ತಿದ್ದಾಳೆ, ಪ್ರೈವೇಟಾಗಿ ಎಸೆಸೆಲ್ಸಿ ಕಟ್ಟಿಸುತ್ತೇವೆ" ಎಂಬ ಉತ್ತರ ನಮ್ಮ ಮೊಹಲ್ಲಾಗಳಲ್ಲಿ ಸಾಮಾನ್ಯವಾಗಿದೆ. ಕೇಳಲು ಹಿತವಾದ ಉತ್ತರವಿದು. ಆದರೆ ಅದರ ಬೆನ್ನಿಗೇ ಇನ್ನೆರಡು ಪ್ರಶ್ನೆಗಳನ್ನು ಕೇಳಿ ನೋಡಿ. ಯಾವ ಮಂಡಳಿಯ ಪರೀಕ್ಷೆ? ಅರ್ಜಿ ಹಾಕಿ ನೋಂದಣಿ ಸಂಖ್ಯೆ ಪಡೆದಿದ್ದೀರಾ? ಅನೇಕ ಮನೆಗಳಲ್ಲಿ ಇಲ್ಲಿಗೆ ಮಾತು ನಿಲ್ಲುತ್ತದೆ. ಹುಡುಗಿ ಒಳಗೆ ರೊಟ್ಟಿ ಬೇಯಿಸುತ್ತಿರುತ್ತಾಳೆ. ಕಳೆದ ವರ್ಷದ ಪುಸ್ತಕಗಳು ಅಲ್ಮೇರಾದ ಮೇಲಿರುತ್ತವೆ. ಈ ವರ್ಷವಲ್ಲದಿದ್ದರೆ ಮುಂದಿನ ವರ್ಷ ಎಂದು ಹೇಳುತ್ತಾ ಎರಡು ವರ್ಷ ಕಳೆದಿರುತ್ತದೆ, ಅಷ್ಟರಲ್ಲಿ ನಿಶ್ಚಿತಾರ್ಥದ ಮಾತು ಬಂದಿರುತ್ತದೆ.

ಮಕ್ಕಳನ್ನು ಮನೆಯಲ್ಲಿ ಓದಿಸಬಾರದು ಎಂದು ಹೇಳಲು ನಾವಿಲ್ಲಿಗೆ ಬಂದಿಲ್ಲ. ಶಾಲೆಗೆ ಹೋಗಲು ಸಾಧ್ಯವಿರುವ ಮಗುವಿಗೆ ಶಾಲೆಯೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಸಾಧ್ಯವಿಲ್ಲದಾಗ ಮನೆಯಿಂದಲೇ ಪರೀಕ್ಷೆ ಬರೆಯಿಸುವ ದಾರಿಯೂ ಇದೆ, ಅದು ಕಾನೂನುಬದ್ಧ ದಾರಿಯೂ ಹೌದು. ಆದರೆ ಆ ದಾರಿ ಅರ್ಜಿಯಿಂದ ಆರಂಭವಾಗುತ್ತದೆ. ಅರ್ಜಿಯಿಲ್ಲದ ಮನೆಪಾಠಕ್ಕೆ ಇನ್ನೊಂದು ಹೆಸರು ಶಾಲೆ ಬಿಡುವುದು. ನಾವೆಷ್ಟೇ ಮೃದುವಾಗಿ ಹೇಳಿದರೂ ಅದು ಅದೇ.

ಈ ಮಕ್ಕಳು ಮನೆಗೆ ಬಂದದ್ದು ಹೇಗೆ? ಕಾರಣಗಳನ್ನು ಪ್ರಾಮಾಣಿಕವಾಗಿ ನೋಡಬೇಕು. 2022ರ ಫೆಬ್ರವರಿ 5ರಂದು ರಾಜ್ಯ ಸರಕಾರವು ಸಮವಸ್ತ್ರದ ಕುರಿತು ಹೊರಡಿಸಿದ ಆದೇಶವನ್ನು ಈ ಜಿಲ್ಲೆಯವರು ಮರೆತಿರಲಾರರು. ಅದೇ ತಿಂಗಳು ಶಿವಮೊಗ್ಗದ ಸರಕಾರಿ ಶಾಲೆಯೊಂದರ ವಿದ್ಯಾರ್ಥಿನಿಯರು ಎಸೆಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ ಬರೆಯದೆ ಮನೆಗೆ ಹಿಂದಿರುಗಿದರು. ಮಾರ್ಚ್ 15ರಂದು ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಾಲಯದಲ್ಲಿ ಕಡತ ಕಾಯಬಹುದು, ಆದರೆ ಹದಿನಾರು ವರ್ಷದ ಹುಡುಗಿಯ ವಯಸ್ಸು ಕಾಯುವುದಿಲ್ಲ. ಮಕ್ಕಳನ್ನು ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ನಿಲ್ಲಿಸಿದ ರಾಜಕೀಯವು ಅದಕ್ಕೆ ಉತ್ತರ ಹೇಳಬೇಕಾಗಿದೆ.

ಎಲ್ಲವನ್ನೂ ಆ ಒಂದು ಆದೇಶದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲೂ ಆಗದು. 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲೇ ಹತ್ತದವರು ಅಥವಾ ಅರ್ಧಕ್ಕೆ ಬಿಟ್ಟವರು ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಭದ್ರಾವತಿಯ ಕತೆ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. 2015ರಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಆರಂಭದಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಪ್ರಕಟವಾದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅಬ್ಬಾನ ಸಂಬಳ ನಿಂತ ಮನೆಯಲ್ಲಿ ಮಗ ಗ್ಯಾರೇಜಿಗೆ ಹೋಗುತ್ತಾನೆ, ಮಗಳು ಮನೆಯಲ್ಲಿ ಉಳಿಯುತ್ತಾಳೆ. ಇನ್ನು ಹಿಫ್ಜ್ ಮುಗಿಸಿ ಹದಿನೈದರ ವಯಸ್ಸಿಗೆ ಊರಿಗೆ ಮರಳುವ ಹುಡುಗರಿದ್ದಾರೆ. ಮೂವತ್ತು ಜುಝ್ ಕಂಠಪಾಠ ಮಾಡಿದ ಆ ಬುದ್ಧಿಗೆ ಹತ್ತನೆಯ ತರಗತಿ ಭಾರವಾದೀತೇ? ಇಂತಹ ಹುಡುಗರನ್ನು ಮುಖ್ಯವಾಹಿನಿಯ ಓದಿಗೆ ತರುವ ಕೆಲಸವನ್ನು ಬೀದರಿನ ಶಾಹೀನ್ ಸಂಸ್ಥೆ ಮಾಡಿ ತೋರಿಸಿದೆ.

ಶಿಕ್ಷಣ ಹಕ್ಕು ಕಾಯ್ದೆಯು ಹದಿನಾಲ್ಕರ ವರೆಗೆ ಮಾತ್ರ ಮಗುವಿನ ಬೆನ್ನಿಗಿರುತ್ತದೆ. ಆ ಬಳಿಕ ಬಾಗಿಲು ತಟ್ಟಿ ಕೇಳುವವರಿಲ್ಲ. ಆದ್ದರಿಂದ ಹೆತ್ತವರೇ ಕೇಳಬೇಕು.

ಪರೀಕ್ಷೆಗೆ ಮುಖ್ಯವಾಗಿ ಎರಡು ಬಾಗಿಲುಗಳಿವೆ. ಮೊದಲನೆಯದು ನಮ್ಮ ರಾಜ್ಯದ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ಹದಿನೈದು ವರ್ಷ ತುಂಬಿದವರು ಪ್ರೌಢಶಾಲೆಯೊಂದರ ಮೂಲಕ ಖಾಸಗಿ ಅಭ್ಯರ್ಥಿಯಾಗಿ ಎಸೆಸೆಲ್ಸಿಗೆ ಅರ್ಜಿ ಹಾಕಬಹುದು. ಪರೀಕ್ಷೆ ಮಾರ್ಚಿನಲ್ಲಲ್ಲವೇ, ಜನವರಿಯಲ್ಲಿ ನೋಡೋಣ ಎಂದುಕೊಂಡವರು ವರ್ಷವನ್ನೇ ಕಳೆದುಕೊಳ್ಳುತ್ತಾರೆ. ಅರ್ಜಿಯ ಅವಧಿಯು ಪರೀಕ್ಷೆಗಿಂತ ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಶಾಲೆ ತೆರೆಯುವ ಜೂನ್ ತಿಂಗಳಲ್ಲೇ ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನೋ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನೋ ಕಂಡು ದಿನಾಂಕ ವಿಚಾರಿಸಿಕೊಳ್ಳಬೇಕು.

ಎರಡನೆಯದು 1989ರಲ್ಲಿ ಕೇಂದ್ರ ಸರಕಾರ ಸ್ಥಾಪಿಸಿದ ರಾಷ್ಟ್ರೀಯ ಮುಕ್ತ ಶಾಲೆ, ಈಗಿನ ಎನ್‌ಐಒಎಸ್. ಇಲ್ಲಿ ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಗೆ ಸೇರಬಹುದು. ಐದು ವಿಷಯಗಳು ಸಾಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ನೋಂದಣಿಯು ಐದು ವರ್ಷ ಊರ್ಜಿತದಲ್ಲಿರುತ್ತದೆ, ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ. ಏಪ್ರಿಲಿನಲ್ಲಿ ಎರಡು ವಿಷಯ, ಅಕ್ಟೋಬರಿನಲ್ಲಿ ಮೂರು ಎಂದು ಹಂಚಿಕೊಂಡು ಬರೆಯಬಹುದು. ಎಸೆಸೆಲ್ಸಿಯಲ್ಲಿ ಕೆಲವು ವಿಷಯಗಳಲ್ಲಿ ಪಾಸಾಗಿ ಉಳಿದವುಗಳಲ್ಲಿ ಅನುತ್ತೀರ್ಣರಾದವರು ಗರಿಷ್ಠ ಎರಡು ವಿಷಯಗಳ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳುವ ಅವಕಾಶವೂ ಇದೆ. ಮನೆಯಲ್ಲಿ ಸಣ್ಣ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿಗೆ, ಹಗಲು ದುಡಿಯುವ ಹುಡುಗನಿಗೆ ಇದು ದೊಡ್ಡ ಅನುಕೂಲ.

ಆದರೆ ಇಲ್ಲೊಂದು ಗುಂಡಿಯಿದೆ. ಮುಕ್ತ ಶಾಲೆಯಲ್ಲಿ ಗಣಿತ ಕಡ್ಡಾಯವಲ್ಲ ಎಂದು ಕೇಳಿದೊಡನೆ ಮಕ್ಕಳ ಮುಖ ಅರಳುತ್ತದೆ, ಹೆತ್ತವರದೂ ಅರಳುತ್ತದೆ. ಗಣಿತ, ವಿಜ್ಞಾನಗಳಿಲ್ಲದೆ ಪಾಸಾದ ಹುಡುಗನಿಗೆ ಮುಂದೆ ಪಾಲಿಟೆಕ್ನಿಕ್ ಡಿಪ್ಲೊಮಾದ ದಾರಿ ಮುಚ್ಚಿಕೊಳ್ಳುತ್ತದೆ. ಕಬ್ಬಿಣ ಕಾರ್ಖಾನೆಯ ಊರಿನ ಹುಡುಗನಿಗೆ ಆ ಬಾಗಿಲು ಸಣ್ಣದಲ್ಲ. ಮುಂದೇನು ಎಂಬುದನ್ನು ಮೊದಲು ನಿರ್ಧರಿಸಿ, ಹೋಗಬೇಕೆಂದಿರುವ ಕಾಲೇಜಿನಲ್ಲಿ ವಿಚಾರಿಸಿ, ಆಮೇಲೆ ವಿಷಯಗಳನ್ನು ಆರಿಸಿರಿ. ಪಿಯುಸಿಯ ಸಂಗತಿಯೂ ಇದೇ. ರಾಜ್ಯ ಮಂಡಲಿಯಲ್ಲಿ ಖಾಸಗಿಯಾಗಿ ಕಲಾ, ವಾಣಿಜ್ಯ ವಿಭಾಗಗಳನ್ನು ಕಟ್ಟಬಹುದು, ಪ್ರಯೋಗಾಲಯ ಬೇಕಾದ ವಿಜ್ಞಾನವನ್ನು ಕಟ್ಟಲಾಗದು. ಮುಕ್ತ ಶಾಲೆಯಲ್ಲಿ ಓದಿದವರಿಗೆ ನೀಟ್ ಪರೀಕ್ಷೆಯ ಬಾಗಿಲು ಮುಚ್ಚಿದ್ದ ನಿಯಮವನ್ನು ದೆಹಲಿ ಹೈಕೋರ್ಟು 2018ರಲ್ಲಿ ರದ್ದುಪಡಿಸಿತು. ಆದರೂ ವೈದ್ಯಕೀಯದ ಕನಸಿರುವ ಮಗುವನ್ನು ಪ್ರಯೋಗಾಲಯವಿಲ್ಲದೆ ಮನೆಯಲ್ಲಿ ಓದಿಸುವುದು ನಮ್ಮ ಅಭಿಪ್ರಾಯದಲ್ಲಿ ಜಾಣತನವಲ್ಲ.

ಈಗ ಪುಸ್ತಕಗಳ ವಿಚಾರ. ದುಡ್ಡು ಸೋರುವುದು ಇಲ್ಲಿಯೇ. ಮಗುವಿಗೆ ಏನು ಕೊಡಿಸಿದ್ದೀರಿ ಎಂದು ಕೇಳಿದರೆ ಗೈಡುಗಳು, "ಪಾಸಿಂಗ್ ಪ್ಯಾಕೇಜ್" ಎಂಬ ತೆಳು ಪುಸ್ತಿಕೆಗಳು, ಮೊಬೈಲಿನ ಒಂದು ಆ್ಯಪ್‌ನ ಚಂದಾ ಎಂದು ಪಟ್ಟಿ ಹೇಳುತ್ತಾರೆ. ಪಠ್ಯಪುಸ್ತಕ ಮಾತ್ರ ಇರುವುದಿಲ್ಲ! ಪ್ರಶ್ನೆಪತ್ರಿಕೆ ಹುಟ್ಟುವುದು ಪಠ್ಯಪುಸ್ತಕದಿಂದ. ಕರ್ನಾಟಕ ಪಠ್ಯಪುಸ್ತಕ ಸಂಘವು ಕನ್ನಡ, ಇಂಗ್ಲಿಷ್, ಉರ್ದು ಸಹಿತ ಏಳು ಮಾಧ್ಯಮಗಳಲ್ಲಿ ಪುಸ್ತಕಗಳನ್ನು ಹೊರತರುತ್ತದೆ, ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಪಕ್ಕದ ಮನೆಯ ಹಳೆಯ ಪುಸ್ತಕವೂ ಆದೀತು, ಆದರೆ ಮೊದಲು ಮುದ್ರಣದ ವರ್ಷ ನೋಡಿರಿ. 2022ರಲ್ಲಿ ಅಂದಿನ ಸರಕಾರ ಪಠ್ಯ ಪರಿಷ್ಕರಿಸಿ ಹತ್ತನೆಯ ತರಗತಿಯ ಕನ್ನಡದಲ್ಲಿ ಹೆಡಗೇವಾರರ ಭಾಷಣವನ್ನು ಸೇರಿಸಿತು. 2023ರ ಜೂನಿನಲ್ಲಿ ಹೊಸ ಸರಕಾರವು 6ರಿಂದ 10ರ ವರೆಗಿನ ಕನ್ನಡ ಮತ್ತು ಸಮಾಜ ವಿಜ್ಞಾನ ಪಠ್ಯಗಳನ್ನು ಮತ್ತೆ ತಿದ್ದಿ ಅದನ್ನು ಕೈಬಿಟ್ಟಿತು. ಸರಕಾರ ಬದಲಾದಂತೆ ಮಗುವಿನ ಪಾಠವೂ ಬದಲಾಗುವ ಈ ಪರಿಪಾಠದ ಕುರಿತು ಬೇರೆಯೇ ಭಾಷಣ ಬೇಕಾದೀತು. ಶಾಲೆಯಲ್ಲಿರುವ ಮಗುವಿಗೆ ಶಿಕ್ಷಕರು ತಿದ್ದುಪಡಿಯನ್ನು ಹೇಳುತ್ತಾರೆ. ಮನೆಯಲ್ಲಿರುವ ಮಗು ಪರೀಕ್ಷೆಯಲ್ಲಿಲ್ಲದ ಪಾಠವನ್ನು ಕಂಠಪಾಠ ಮಾಡುತ್ತಾ ಕುಳಿತಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ದಯವಿಟ್ಟು ಬರೆದುಕೊಳ್ಳಿ. ಶಾಲೆಯಲ್ಲಿ ಓದುವ ಮಕ್ಕಳಿಗೆ ಶಾಲೆಯೇ ಕೊಡುವ ಆಂತರಿಕ ಅಂಕಗಳಿರುತ್ತವೆ, ಆದ್ದರಿಂದ ಅವರ ಗಣಿತ, ವಿಜ್ಞಾನದ ಲಿಖಿತ ಪರೀಕ್ಷೆ 80 ಅಂಕಗಳದ್ದು. ಖಾಸಗಿ ಅಭ್ಯರ್ಥಿಗೆ ಆಂತರಿಕ ಅಂಕಗಳಿಲ್ಲ, ಅವರ ಪತ್ರಿಕೆ 100 ಅಂಕಗಳದ್ದು. ಅಂಗಡಿಯಲ್ಲಿ ಸಿಗುವ ಮಾದರಿ ಪತ್ರಿಕೆಗಳು ಬಹುತೇಕ ಶಾಲೆಯ ಮಕ್ಕಳಿಗಾಗಿ ಮಾಡಿದಂಥವು. ಅವುಗಳಲ್ಲೇ ಅಭ್ಯಾಸ ಮಾಡಿದ ಹುಡುಗಿ ಪರೀಕ್ಷಾ ಕೊಠಡಿಯಲ್ಲಿ ಉದ್ದನೆಯ ಪತ್ರಿಕೆ ಕಂಡು ಗಾಬರಿಗೊಂಡರೆ ತಪ್ಪು ಅವಳದಲ್ಲ. ಮಂಡಲಿಯ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳೂ ಮಾದರಿ ಉತ್ತರಗಳೂ ಇವೆ. ಖಾಸಗಿ ಅಭ್ಯರ್ಥಿಗಳದ್ದನ್ನೇ ಹುಡುಕಿ, ಮುದ್ರಿಸಿ, ಗಡಿಯಾರ ಇಟ್ಟು ಬರೆಯಿಸಿರಿ. ನೂರಾರು ರೂಪಾಯಿಯ ಗೈಡಿಗಿಂತ ಇದು ಮೇಲು.

ಉರ್ದು ಮಾಧ್ಯಮದ ಮಕ್ಕಳ ಹೆತ್ತವರಿಗೆ ಒಂದು ಮಾತು. ಅಂಗಡಿಯಲ್ಲಿ ಉರ್ದು ಗೈಡು ಸಿಗುವುದಿಲ್ಲವೆಂದು ಹತ್ತನೆಯ ತರಗತಿಯಲ್ಲಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಬೇಡಿ. ಗಣಿತದ ಪದಗಳನ್ನು ಹೊಸದಾಗಿ ಕಲಿಯುವುದರಲ್ಲೇ ವರ್ಷ ಮುಗಿದೀತು. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಪ್ರಸಾರವಾದ "ಸಂವೇದ" ಪಾಠಗಳು ಯೂಟ್ಯೂಬಿನಲ್ಲಿವೆ, ಪಠ್ಯಪುಸ್ತಕದಲ್ಲಿರುವ ಚೌಕಾಕಾರದ ಸಂಕೇತಕ್ಕೆ ಮೊಬೈಲು ಹಿಡಿದರೆ ಪಾಠದ ವೀಡಿಯೊ ತೆರೆಯುತ್ತದೆ. ವೀಡಿಯೊ ನೋಡುವುದು ಓದಿದಂತಲ್ಲ. ನೋಡಿದ ಬಳಿಕ ಪುಸ್ತಕದ ಅಭ್ಯಾಸ ಬರೆಯಬೇಕು, ಅದನ್ನು ಯಾರಾದರೂ ತಿದ್ದಬೇಕು.

ಎರಡು ಮೂರು ವರ್ಷ ಶಾಲೆ ಬಿಟ್ಟಿದ್ದ ಮಗುವಿಗೆ ನೇರವಾಗಿ ಹತ್ತನೆಯ ತರಗತಿಯ ಗಣಿತ ಕೊಡಬೇಡಿ. ಮೊದಲ ವಾರ ಏಳನೆಯ ತರಗತಿಯ ಪುಸ್ತಕದಿಂದ ಭಿನ್ನರಾಶಿ, ಶೇಕಡಾವಾರು, ಸರಳ ಸಮೀಕರಣದ ಲೆಕ್ಕಗಳನ್ನು ಮಾಡಿಸಿ. ಎಲ್ಲಿ ತಡವರಿಸುತ್ತದೋ ಅಲ್ಲಿಂದ ಆರಂಭಿಸಿ. "ಇವಳ ತಲೆಗೆ ಹತ್ತುವುದಿಲ್ಲ" ಎಂದು ಹಣೆಪಟ್ಟಿ ಹಚ್ಚಿದ ಎಷ್ಟೋ ಮಕ್ಕಳ ತೊಂದರೆ ಭಿನ್ನರಾಶಿಯಲ್ಲಿ ಸಿಕ್ಕಿಕೊಂಡಿರುತ್ತದೆ.

ತಿದ್ದುವವರು ಯಾರು ಎಂದು ತಾಯಂದಿರು ಕೇಳಬಹುದು. ಪ್ರತಿ ಮೊಹಲ್ಲಾದಲ್ಲೂ ಬಿಎಸ್ಸಿ, ಬಿಎಡ್ ಮಾಡಿ ಮನೆಯಲ್ಲಿರುವ ಸೊಸೆಯಂದಿರಿದ್ದಾರೆ. ಐದಾರು ಹುಡುಗಿಯರನ್ನು ಸೇರಿಸಿ ವಾರಕ್ಕೆ ಮೂರು ದಿನ ಅವರಲ್ಲಿ ಕಳುಹಿಸಿ, ಯೋಗ್ಯ ಸಂಭಾವನೆ ಕೊಡಿ. ಸೊಸೆಯಂದಿರ ಅತ್ತೆಯರೂ ಈ ಸಭೆಯಲ್ಲಿದ್ದಾರೆ, ಅವರಿಗೂ ಈ ಮಾತು ಕೇಳಿಸಲಿ. ಓದುವ ಹುಡುಗಿಗೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಯಾವ ಕೆಲಸವನ್ನೂ ಹೇಳಬಾರದು. ಅತಿಥಿ ಬಂದರೂ ಚಹಾ ಮಾಡಲು ಕರೆಯಬಾರದು. ಅಣ್ಣನ ಪರೀಕ್ಷೆಯಿರುವಾಗ ಟೀವಿ ಆರಿಸುವ ನಾವು ತಂಗಿಯ ಪರೀಕ್ಷೆಯಿರುವಾಗ ಪಾತ್ರೆ ತೊಳೆಯಲು ಹೇಳುವುದೇಕೆ?

"ಪರೀಕ್ಷೆ ಬರೆಯದೆಯೇ ಪಾಸು, ಒಂದೇ ತಿಂಗಳಲ್ಲಿ ಅಂಕಪಟ್ಟಿ" ಎಂದು ಭರವಸೆ ಕೊಡುವ ಏಜೆಂಟರ ಹತ್ತಿರವೂ ಸುಳಿಯಬೇಡಿ. ಅಂಥ ಅಂಕಪಟ್ಟಿ ಕಾಲೇಜಿನ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಪ್ರಕರಣ ದಾಖಲಾಗುವುದು ಮಗುವಿನ ಮೇಲೆ. ನಕಲಿನ ಮೇಲೆ ಭರವಸೆಯಿಟ್ಟವರ ಕಾಲವೂ ಹೋಯಿತು. 2024ರಲ್ಲಿ ಪರೀಕ್ಷಾ ಕೇಂದ್ರಗಳ ಕ್ಯಾಮೆರಾಗಳನ್ನು ನೇರ ಪ್ರಸಾರಕ್ಕೆ ಜೋಡಿಸಿದಾಗ ರಾಜ್ಯದ ಎಸೆಸೆಲ್ಸಿ ಫಲಿತಾಂಶವು ಹಿಂದಿನ ವರ್ಷದ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ನಂತರ.

ಕೊನೆಯದಾಗಿ ಕಾಗದಪತ್ರಗಳು. ಟಿಸಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು, ಒಂದೆಡೆ "ಬಾನು" ಇದ್ದರೆ ಇನ್ನೊಂದೆಡೆ ಇಲ್ಲ, ಜನ್ಮ ದಿನಾಂಕದಲ್ಲಿ ವ್ಯತ್ಯಾಸ. ಮುಂದೆ ಪಾಸ್‌ಪೋರ್ಟಿನಿಂದ ನೌಕರಿಯ ತನಕ ಎಲ್ಲೆಡೆ ಕೇಳುವುದು ಎಸೆಸೆಲ್ಸಿ ಅಂಕಪಟ್ಟಿಯನ್ನೇ, ಅದರಲ್ಲಿ ಅಚ್ಚಾದ ತಪ್ಪನ್ನು ತಿದ್ದಿಸಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಟಿಸಿ ಕಳೆದುಹೋಗಿದ್ದರೆ ಕೊನೆಯ ಬಾರಿ ಓದಿದ ಶಾಲೆಯಲ್ಲಿ ದಾಖಲಾತಿ ವಹಿಯಿರುತ್ತದೆ, ಅಲ್ಲಿ ಲಿಖಿತವಾಗಿ ಕೇಳಿರಿ. ಇಂದು ಟಿಸಿ ಮತ್ತು ಆಧಾರ್ ಪ್ರತಿಗಳನ್ನು ತಂದವರು ಅಸರ್ ನಮಾಝಿನ ಬಳಿಕ ಇಲ್ಲೇ ಉಳಿಯಿರಿ, ಎರಡನ್ನೂ ಎದುರುಬದುರು ಇಟ್ಟು ನೋಡೋಣ. ಭದ್ರಾವತಿಗೆ ಸಂಜೆಯ ರೈಲು ಹಿಡಿಯಬೇಕಾದವರದ್ದನ್ನು ಮೊದಲು ನೋಡಲಾಗುವುದು.