ಸಾಲ್ಮೆಯ ನಾಲ್ವರು ಒಡಹುಟ್ಟಿದವರು

ವೈಕಿಂಗರ ದಾಳಿಗಳ ಕಥೆ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ನಾನು ಇವತ್ತು ಒಂದೇ ಒಂದು ಹಡಗಿನ ಬಳಿ ನಿಲ್ಲುತ್ತೇನೆ.

ಎಸ್ಟೋನಿಯಾದ ಸಾರೆಮಾ ದ್ವೀಪದಲ್ಲಿ ಸಾಲ್ಮೆ ಎಂಬ ಊರಿದೆ. 2008ರಲ್ಲಿ ಅಲ್ಲಿ ಕೇಬಲ್ ಹಾಕಲು ನೆಲ ಅಗೆದಾಗ ಎಲುಬುಗಳು ಸಿಕ್ಕವು. ಏಳು ಮಂದಿಯನ್ನು ದೋಣಿ ಸಮೇತ ಹೂತಿದ್ದರು. 2010ರಲ್ಲಿ ಅದರ ಹತ್ತಿರವೇ ಇನ್ನೊಂದು ದೊಡ್ಡ ಹಡಗು, ಅದರಲ್ಲಿ 34 ಜನ. ಕಾಲ ಸುಮಾರು ಕ್ರಿ.ಶ. 750. ಹಲ್ಲಿನ ಐಸೊಟೋಪ್ ಪರೀಕ್ಷೆಯ ಪ್ರಕಾರ ಅವರು ಮಧ್ಯ ಸ್ವೀಡನ್ನಿನ ಮೇಲಾರೆನ್ ಸರೋವರದ ಸೀಮೆಯವರು. ಹೆಣಗಳನ್ನು ಎಸೆದು ಹೋಗಿಲ್ಲ. ಸಾಲಾಗಿ, ಪದರದ ಮೇಲೆ ಪದರವಾಗಿ ಮಲಗಿಸಿ ಗುರಾಣಿ ಹೊದಿಸಿದ್ದಾರೆ. ಜೊತೆಗೆ ಕತ್ತಿಗಳು, ಎಲುಬಿನಲ್ಲಿ ಕಡೆದ ಆಟದ ಕಾಯಿಗಳು. ಒಬ್ಬನ ಬಾಯಲ್ಲಿ ರಾಜನ ಕಾಯಿ ಇಟ್ಟಿದ್ದಾರೆ.

ಇಂಥ ಪಡೆಯನ್ನು ಕಟ್ಟಿಹಿಡಿದಿದ್ದು ಏನು ಎಂಬ ವಿಷಯದಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು ಬಹಳ ಗಟ್ಟಿ. ಒಡೆಯನ ಪಡೆ ನಿಂತಿದ್ದು ಅನ್ನದ ಋಣದ ಮೇಲೆ, ರಕ್ತದ ನಂಟಿನ ಮೇಲಲ್ಲ ಎನ್ನುತ್ತಿದ್ದರು. ಹಲಗೆಯ ಮೇಲೆ ಡೆನ್ಮಾರ್ಕಿನ ಟ್ರೆಲೆಬೋರ್ಗ್ ಕೋಟೆ ಬರೆಯುವರು. ದುಂಡನೆಯ ಕೋಟೆಗೋಡೆ, ನಾಲ್ಕು ಬಾಗಿಲು, ಒಳಗೆ ನಾಲ್ಕು ಭಾಗ, ಭಾಗಕ್ಕೆ ನಾಲ್ಕರಂತೆ ಒಂದೇ ಅಳತೆಯ 16 ಮನೆ. "ಇದರಲ್ಲಿ ಅಪ್ಪ ಯಾರು, ಚಿಕ್ಕಪ್ಪ ಯಾರು, ತೋರಿಸಿ ನೋಡೋಣ" ಎಂದು ಸೀಮೆಸುಣ್ಣ ನಮ್ಮ ಕೈಗೆ ಕೊಡುವರು. ಹೆರಾಲ್ಡ್ ಬ್ಲೂಟೂತ್ ದೊರೆಯ ಕಾಲದ, ಸುಮಾರು 980ರ ಕೋಟೆ ಅದು. ಅಲ್ಲಿ ಹೂತ ತರುಣರಲ್ಲಿ ಹಲವರು ಹೊರನಾಡಿನವರು ಎಂದು 2011ರಲ್ಲಿ ಐಸೊಟೋಪ್ ಅಧ್ಯಯನವೊಂದು ಹೇಳಿದಾಗ ಮೇಷ್ಟ್ರ ಮಾತಿಗೆ ಇನ್ನಷ್ಟು ಬಲ ಬಂತು.

ಆದರೆ 2020ರಲ್ಲಿ ಸಾಲ್ಮೆಯ ಡಿಎನ್‌ಎ ಫಲಿತಾಂಶ ಪ್ರಕಟವಾಯಿತು. ದೊಡ್ಡ ಹಡಗಿನಲ್ಲಿ ಪಕ್ಕಪಕ್ಕ ಮಲಗಿದ್ದ ನಾಲ್ವರು ಒಡಹುಟ್ಟಿದವರು. ಅವರ ನೆಂಟನೊಬ್ಬನೂ ಅಲ್ಲೇ ಇದ್ದ. ಅಣ್ಣತಮ್ಮಂದಿರು ಒಟ್ಟಿಗೆ ಬಂದಿದ್ದಕ್ಕಿಂತ ಅವರನ್ನು ಒಟ್ಟಿಗೆ ಮಲಗಿಸಿದ್ದೇ ನನಗೆ ದೊಡ್ಡ ಸಾಕ್ಷಿ. ಪರನಾಡಿನ ತೀರ, ಅಷ್ಟೊಂದು ಹೆಣ. ಅಂಥ ಹೊತ್ತಿನಲ್ಲೂ ಉಳಿದವರು ಯಾರು ಯಾರ ತಮ್ಮ ಎಂಬುದನ್ನು ಮರೆಯಲಿಲ್ಲ. ಒಡೆಯನ ಅನ್ನ ಉಂಡರೂ ಮನೆಯ ನಂಟು ಪಡೆಯೊಳಗೆ ಹಾಗೇ ಉಳಿದಿತ್ತು, ಅಣ್ಣನ ಹಿಂದೆಯೇ ತಮ್ಮ ಪಡೆಗೆ ಸೇರುತ್ತಿದ್ದ ಎಂದು ನಾನು ನಂಬುತ್ತೇನೆ.

ಮೇಷ್ಟ್ರು ಇದ್ದಿದ್ದರೆ ಸುಮ್ಮನಿರುತ್ತಿರಲಿಲ್ಲ. 34ರಲ್ಲಿ ಐವರು ತಾನೆ, ಮಿಕ್ಕವರನ್ನು ಕಟ್ಟಿಹಿಡಿದಿದ್ದು ಏನು ಎಂದು ಕೇಳುತ್ತಿದ್ದರು. 750ಕ್ಕೂ 980ಕ್ಕೂ ನಡುವೆ ಪಡೆ ಕಟ್ಟುವ ರೀತಿಯೇ ಬದಲಾಯಿತೆ? ಅಥವಾ ಹಡಗಿನ ನಾಯಕನ ಪಡೆ ಬೇರೆ, ದೊರೆಯ ಪಡೆ ಬೇರೆ ಎಂದಷ್ಟೇ ತಿಳಿಯಬೇಕೆ? ಹಲ್ಲು ಹೇಳುವುದು ಹುಟ್ಟಿ ಬೆಳೆದ ಸೀಮೆಯನ್ನು ಮಾತ್ರ. ಟ್ರೆಲೆಬೋರ್ಗಿಗೆ ಹೊರಗಿನಿಂದ ಬಂದ ಆ ಹುಡುಗರು ಒಬ್ಬೊಬ್ಬರೇ ಬಂದರೆ, ಇಲ್ಲ ಅವರೂ ಅಣ್ಣತಮ್ಮಂದಿರನ್ನು ಕಟ್ಟಿಕೊಂಡೇ ಬಂದರೆ?