ಸಾಕ್ಷಿಗಳ ಬೆನ್ನಿಗೆ ನಿಲ್ಲೋಣ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಿಂದ ಬಂದಿರುವ ಗೆಳೆಯರೇ,

ಈ ಜಿಲ್ಲಾ ಸಮಾವೇಶದ ಅಧ್ಯಕ್ಷನಾಗಿ ನಾನು ಮಾತಾಡಬೇಕಿರುವುದು ಒಂದೇ ವಿಷಯ. ವಿಚಾರದ ಕಾರಣಕ್ಕೆ ನಡೆದ ಕೊಲೆಗಳ ಮೊಕದ್ದಮೆಗಳು ಮುಗಿಯುತ್ತಿಲ್ಲ.

2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆ. ಅದೇ ವರ್ಷ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ, ತಮ್ಮ ಮನೆಯ ಬಾಗಿಲಲ್ಲೇ ಸಂಶೋಧಕ ಎಂ.ಎಂ. ಕಲಬುರ್ಗಿ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ, ಕಚೇರಿಯಿಂದ ಮನೆಗೆ ಬಂದಿಳಿದ ಪತ್ರಕರ್ತೆ ಗೌರಿ ಲಂಕೇಶ್. ಕಲಬುರ್ಗಿ ಅವರನ್ನೂ ಗೌರಿಯನ್ನೂ ಬಲಿ ತೆಗೆದುಕೊಂಡದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಧಾರವಾಡದ ತನಿಖೆ ಆಗಲೇ ಚುರುಕಾಗಿದ್ದರೆ ಗೌರಿ ಬದುಕಿರುತ್ತಿದ್ದರು ಎಂದು ನಾನು ಇಂದಿಗೂ ನಂಬಿದ್ದೇನೆ. ಕಲಬುರ್ಗಿ ಪ್ರಕರಣ ವಿಶೇಷ ತನಿಖಾ ತಂಡದ ಕೈಗೆ ಬರಲು ಅವರ ಪತ್ನಿ ಉಮಾದೇವಿ ಅವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಅಷ್ಟು ಹೊತ್ತಿಗೆ 2019 ಬಂದಿತ್ತು.

ಗೌರಿ ಪ್ರಕರಣದಲ್ಲಿ ತನಿಖಾ ತಂಡ ಒಳ್ಳೆಯ ಕೆಲಸ ಮಾಡಿತು. ಒಂದೂಕಾಲು ವರ್ಷದೊಳಗೆ 18 ಜನರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಆದರೆ ವಿಚಾರಣೆ ಶುರುವಾದದ್ದು 2022ರ ಜುಲೈನಲ್ಲಿ. ಪಟ್ಟಿಯಲ್ಲಿದ್ದ ಸಾಕ್ಷಿಗಳು 527. 2023ರ ಡಿಸೆಂಬರ್ ಹೊತ್ತಿಗೆ ಕಟಕಟೆ ಹತ್ತಿದವರು 90. ಆಗ ಹೈಕೋರ್ಟು ಮೊದಲ ಬಾರಿಗೆ ಒಬ್ಬ ಆರೋಪಿಗೆ ಜಾಮೀನು ಕೊಟ್ಟಿತು. ಕೊಟ್ಟ ಮುಖ್ಯ ಕಾರಣವೇ ವಿಳಂಬ. ಅದೇ ಕಾರಣದಿಂದ ಉಳಿದವರಲ್ಲಿ ಬಹುತೇಕರೂ ಹೊರಬಂದರು. ಜಾಮೀನು ಆರೋಪಿಯ ಹಕ್ಕು, ಅದಕ್ಕೆ ನನ್ನ ತಕರಾರಿಲ್ಲ. ವರ್ಷಗಟ್ಟಲೆ ವಾಯಿದೆ ಹಾಕುತ್ತಾ ಆ ಹಕ್ಕನ್ನು ತಾನೇ ಸೃಷ್ಟಿಸಿಕೊಟ್ಟ ವ್ಯವಸ್ಥೆಯ ಮೇಲೆ ನನ್ನ ಸಿಟ್ಟು. 2024ರ ಅಕ್ಟೋಬರ್‌ನಲ್ಲಿ ಹೀಗೆ ಬಿಡುಗಡೆಯಾದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ಆ ಫೋಟೊ ಪತ್ರಿಕೆಗಳಲ್ಲಿ ಬಂತು. ಇನ್ನೂ ಸಾಕ್ಷಿ ಹೇಳಬೇಕಿರುವ ಒಬ್ಬ ಸಾಮಾನ್ಯ ಮನುಷ್ಯ, ಮಹಜರಿಗೆ ಸಹಿ ಹಾಕಿದ ಪಂಚ, ಆ ಫೋಟೊ ನೋಡಿ ಕೋರ್ಟಿಗೆ ಯಾವ ಧೈರ್ಯದಲ್ಲಿ ಬರಬೇಕು? ಏಳೆಂಟು ವರ್ಷದ ಹಿಂದೆ ನಿಮಿಷಾರ್ಧ ಕಂಡ ಮುಖವನ್ನು ಪಾಟೀಸವಾಲಿನಲ್ಲಿ ಹೇಗೆ ನೆನಪಿಸಿಕೊಳ್ಳಬೇಕು? ನಮ್ಮೂರಿನ ನೇಕಾರ ಒಂದು ಸಮನ್ಸಿಗೆ ಮಗ್ಗ ನಿಲ್ಲಿಸಿ ಬೆಂಗಳೂರಿಗೆ ಹೋಗುತ್ತಾನೆ. ಎರಡು ಸಲ ವಾಯಿದೆ ಬಿದ್ದರೆ ಮೂರನೆಯ ಸಲ ಹೋಗುವುದಿಲ್ಲ. ಮೊಕದ್ದಮೆ ಬಿದ್ದುಹೋಗುವುದು ಹೀಗೆ.

ದಾಭೋಲ್ಕರ್ ಪ್ರಕರಣದ ತೀರ್ಪು ಬಂದದ್ದು 2024ರ ಮೇ 10ರಂದು. ಗುಂಡು ಹಾರಿಸಿದ ಇಬ್ಬರಿಗೆ ಜೀವಾವಧಿ ಶಿಕ್ಷೆ, ಮೂವರ ಖುಲಾಸೆ. ಸಂಚಿನ ಸೂತ್ರಧಾರರು ಬೇರೆ ಇದ್ದಾರೆ, ಅವರನ್ನು ಪತ್ತೆ ಹಚ್ಚಲು ತನಿಖೆ ಸೋತಿದೆ ಎಂದು ನ್ಯಾಯಾಧೀಶರೇ ಬರೆದರು. ಹನ್ನೊಂದು ವರ್ಷ ಕಾದವರಿಗೆ ಸಿಕ್ಕಿದ್ದು ಅರ್ಧ ನ್ಯಾಯ.

ಒತ್ತಾಯ ಏನು ಮಾಡಬಲ್ಲದು ಎಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಇದೆ. ಗೌರಿ ಹತ್ಯೆಯಾಗಿ ಆರು ವಾರಕ್ಕೆ ಮಾಲ್ಟಾದಲ್ಲಿ ಪತ್ರಕರ್ತೆ ಡಾಫ್ನೆ ಕರುವಾನಾ ಗಲಿಝಿಯಾ ಅವರನ್ನು ಕಾರ್ ಬಾಂಬಿಟ್ಟು ಕೊಂದರು. ನಮ್ಮ ಜಿಲ್ಲೆಯ ಅರ್ಧದಷ್ಟು ಜನಸಂಖ್ಯೆಯ ದೇಶ ಅದು. ಅವರ ಕುಟುಂಬ, ಪತ್ರಕರ್ತರ ಅಂತರರಾಷ್ಟ್ರೀಯ ಸಂಘಟನೆಗಳು, ಯುರೋಪ್ ಮಂಡಳಿ ಬೆನ್ನು ಬಿಡದೆ ಒತ್ತಾಯಿಸಿ ಸಾರ್ವಜನಿಕ ವಿಚಾರಣೆ ನಡೆಸುವಂತೆ ಮಾಡಿದರು. ಹತ್ಯೆಗೆ ದಾರಿಯಾದ ವಾತಾವರಣಕ್ಕೆ ಸರ್ಕಾರವೇ ಹೊಣೆ ಎಂದು 2021ರಲ್ಲಿ ಮೂವರು ನ್ಯಾಯಾಧೀಶರು ವರದಿ ಕೊಟ್ಟರು. ಹೊರಗಿನ ದನಿ ಕೆಲಸ ಮಾಡುತ್ತದೆ, ಆದರೆ ಒಳಗಿನವರು ಅದರ ಜೊತೆ ನಿಂತಾಗ ಮಾತ್ರ. ಗೌರಿಗಾಗಿ ಹೊರಗಿನವರು ಮಾತಾಡಿದರು, 2017ರಲ್ಲೇ ಅನ್ನಾ ಪೊಲಿಟ್ಕೊವ್‌ಸ್ಕಾಯಾ ಪ್ರಶಸ್ತಿಯನ್ನೂ ಕೊಟ್ಟರು. ನಾವು?

ಹಿಂದೊಮ್ಮೆ ಇದೇ ಜಿಲ್ಲೆಯ ಒಂದು ಸಾಹಿತ್ಯ ವೇದಿಕೆಯಲ್ಲಿ ಈ ಕೊಲೆಗಳ ಬಗ್ಗೆ ಒಂದು ನಿರ್ಣಯ ಮಂಡಿಸಲು ಎದ್ದಾಗ, "ಮೇಷ್ಟ್ರೇ, ಅದು ಪೊಲೀಸರ ಕೆಲಸ, ನಮಗ್ಯಾಕೆ?" ಎಂದು ನನ್ನನ್ನು ಕೂರಿಸಿದರು. ಕಲಬುರ್ಗಿಯವರು ಬದುಕಿಡೀ ವಚನ ಮತ್ತು ಶಾಸನಗಳ ಕೆಲಸ ಮಾಡಿದವರು. ಅವರ ಸಾವು ಸಾಹಿತ್ಯ ವೇದಿಕೆಯ ವಿಷಯವಲ್ಲದಿದ್ದರೆ ಇನ್ಯಾವುದು?

ಈಗ ಆಗಬೇಕಾದದ್ದು ಹೇಳುತ್ತೇನೆ. ವಿಶೇಷ ನ್ಯಾಯಾಲಯ ಸ್ಥಾಪಿಸಲು ಮುಖ್ಯಮಂತ್ರಿಗಳು 2023ರ ಡಿಸೆಂಬರ್‌ನಲ್ಲೇ ಸೂಚನೆ ಕೊಟ್ಟಿದ್ದರು. ತಿಂಗಳಿಗೆ ಕೆಲವು ದಿನ ಸಾಲದು, ಇಂಥ ಪ್ರಕರಣಗಳ ವಿಚಾರಣೆ ದಿನವೂ ನಡೆಯಬೇಕು. ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟು 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದರ ರಕ್ಷಣೆ ಕೇಳುವುದು ಹೇಗೆಂದು ಪ್ರತಿ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಲಿ. ಸಾಕ್ಷಿಗೆ ಒಂದು ದಿನದ ಪೂರ್ತಿ ಕೂಲಿ ಮತ್ತು ಬಸ್ ಖರ್ಚನ್ನು ಅದೇ ದಿನ ಕೊಡಲಿ. ಗಡಿ ದಾಟಿ ನಡೆಯುವ ಇಂಥ ಸಂಚುಗಳ ಸೂತ್ರಧಾರರನ್ನು ಹುಡುಕಲು ವಿಶ್ವಸಂಸ್ಥೆಯ ಅಡಿಯಲ್ಲೊಂದು ಕಾಯಂ ತನಿಖಾ ಮಂಡಳಿ ಬರಲಿ. ಅದು ನನ್ನ ಕಾಲಕ್ಕೆ ಆಗಲಿಕ್ಕಿಲ್ಲ, ಆದರೂ ಕೇಳುತ್ತಲೇ ಇರೋಣ.

ಒಂದು ಕೆಲಸ ಮಾತ್ರ ನಮ್ಮ ಕೈಯಲ್ಲೇ ಇದೆ. ಸೆಪ್ಟೆಂಬರ್ 5ರಂದು ಮೋಂಬತ್ತಿ ಹಿಡಿಯಲು ಸಭಾಂಗಣ ತುಂಬುತ್ತದೆ, ವಿಚಾರಣೆಯ ದಿನ ಕೋರ್ಟಿನ ಬೆಂಚು ಖಾಲಿ. ನಾಲ್ಕೂ ತಾಲ್ಲೂಕಿನಿಂದ ತಲಾ ಇಬ್ಬರು ಸರದಿಯಂತೆ ಬಂದು ಆ ಬೆಂಚಿನಲ್ಲಿ ಕೂರಬೇಕು, ನಡೆದದ್ದನ್ನು ಬರೆದಿಡಬೇಕು. ಹೆಸರು ಬರೆಸಲು ಪುಸ್ತಕವನ್ನು ಬಾಗಿಲ ಬಳಿ ಇಟ್ಟಿದ್ದೇವೆ. ಊಟಕ್ಕೆ ಏಳುವ ಮೊದಲು ಬರೆಸಿ ಹೋಗಿ.