ಬೈಯುವುದಕ್ಕೆ ಮಾತ್ರ ಕನ್ನಡ!

(ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ನೆಲೆಸಿರುವ ಅರಸೀಕೆರೆ ಮೂಲದ ಗೃಹಿಣಿಯೊಬ್ಬರು ರಜೆಗೆ ಊರಿಗೆ ಬಂದಾಗ ನಮ್ಮ ಬಳಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಭಾಷಣ ಮಾಡಿ ಅಭ್ಯಾಸವಿರುವವಳಲ್ಲ. "ಪರದೇಶದಲ್ಲಿ ಕನ್ನಡ ಕಟ್ಟುತ್ತಿರುವ ಮಹಿಳೆ" ಎಂದು ಈಗಷ್ಟೇ ನನ್ನನ್ನು ಪರಿಚಯ ಮಾಡಿಕೊಟ್ಟರು. ಅದನ್ನು ಕೇಳಿ ಕೂತಲ್ಲೇ ಬೆವರು ಬಂತು. ನಾನು ಕಟ್ಟಿದ್ದೇನೂ ಇಲ್ಲ ಸ್ವಾಮಿ. ನನ್ನ ಮನೆಯಿಂದ ಕನ್ನಡವನ್ನು ನಾನೇ ಹೊರಗೆ ಕಳಿಸಿದ್ದೆ. ಮತ್ತೆ ಒಳಗೆ ಕರೆತರುವುದಕ್ಕೆ ಒದ್ದಾಡಿದ್ದೇನೆ, ಅಷ್ಟೆ. ಆ ಕಥೆಯನ್ನೇ ಹೇಳುತ್ತೇನೆ, ಮುಚ್ಚುಮರೆ ಇಲ್ಲದೆ.

ನಾವು ಸ್ಟುಟ್‌ಗಾರ್ಟ್‌ಗೆ ಹೋದದ್ದು 2015ರಲ್ಲಿ, ನಮ್ಮ ಯಜಮಾನರ ಕೆಲಸದ ಮೇಲೆ. ಅವರು ಗದಗಿನವರು, ನಾನು ಅರಸೀಕೆರೆಯವಳು. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರ ಕನ್ನಡವೇ ಒಂದಕ್ಕೊಂದು ಹೊಂದುತ್ತಿರಲಿಲ್ಲ ಅನ್ನಿ! ಮಗ ಅಲ್ಲೇ 2018ರಲ್ಲಿ ಹುಟ್ಟಿದ. ಮಗು ಹುಟ್ಟಿದ ಮೇಲೆ ಪರದೇಶದ ಬಾಳು ಏನೆಂದು ತಿಳಿಯುತ್ತದೆ. ಅಲ್ಲಿಯವರೆಗೆ ನೀವು ಪ್ರವಾಸಿಗರು.

ಒಂದು ಚಳಿಗಾಲದ ಬೆಳಗು ನೋಡಿ. ಎಂಟು ಗಂಟೆಯಾದರೂ ಸರಿಯಾಗಿ ಬೆಳಕಿಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಉಬ್ಬಲಿ ಅಂತ ಓವನ್‌ನೊಳಗೆ ಇಟ್ಟು ಅದರ ದೀಪ ಮಾತ್ರ ಹಾಕಿರುತ್ತೇನೆ. ಆದರೂ ಕೆಲವು ದಿನ ಅದು ಮುಖ ಗಂಟಿಕ್ಕಿಕೊಂಡೇ ಕೂತಿರುತ್ತದೆ. ಮಗುವಿಗೆ ಒಳಗಿನ ಬಟ್ಟೆ, ಮೇಲೊಂದು ಸ್ವೆಟರು, ಅದರ ಮೇಲೆ ಹಿಮದ ಅಂಗಿ, ಟೋಪಿ, ಕೈಚೀಲ, ಬೂಟು. ಇಪ್ಪತ್ತು ನಿಮಿಷ ಬೇಕು. ಬಾಗಿಲು ತೆಗೆದು ಮೆಟ್ಟಿಲ ಹತ್ತಿರ ಬಂದಾಗ "ಅಮ್ಮ, ಸೂಸು!" ಎಲ್ಲ ಬಿಚ್ಚಬೇಕು. ಸಹಾಯಕ್ಕೆ ಅತ್ತೆಯಿಲ್ಲ, ಅಮ್ಮನಿಲ್ಲ, ಪಕ್ಕದ ಮನೆ ಅಕ್ಕನಿಲ್ಲ, ಕೆಲಸದವರಂತೂ ಇಲ್ಲವೇ ಇಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಹಾಲು ತರುವುದು ಮರೆತಿರೋ, ಕೆಟ್ಟಿರಿ.

ಇದರ ಜೊತೆಗೆ ನಮ್ಮ ಕಡೆ ಕೇರ್‌ವೋಹೆ ಎಂಬ ಪದ್ಧತಿಯಿದೆ. ಕಟ್ಟಡದ ಒಂದೊಂದು ಮನೆಯವರೂ ಸರದಿಯ ಮೇಲೆ ಒಂದೊಂದು ವಾರ ಮೆಟ್ಟಿಲು ಗುಡಿಸಿ ಒರೆಸಬೇಕು. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಫಲಕ ಬಂದು ನೇತಾಡುತ್ತದೆ. ಎಂಜಿನಿಯರ್ ಆದರೇನು, ಡಾಕ್ಟರ್ ಆದರೇನು, ಪೊರಕೆ ಹಿಡಿಯಲೇಬೇಕು. ಕೆಳಗಿನ ಮನೆಯ ಮುದುಕಿ ಮೊದಮೊದಲು ನಾನು ಒರೆಸಿದ ಮೇಲೆ ತಾನೊಮ್ಮೆ ಒರೆಸುತ್ತಿದ್ದಳು! ಆಕೆ ಆಡುವುದು ಶ್ವೇಬಿಶ್, ಅಂದರೆ ಆ ಸೀಮೆಯ ಆಡುಜರ್ಮನ್. ನಾನು ತರಗತಿಗೆ ಹೋಗಿ ಕಲಿತ ಜರ್ಮನ್ ಆಕೆಯ ಮುಂದೆ ಮೂರು ಕಾಸಿಗೂ ಬರಲಿಲ್ಲ. ಆಕೆಗೆ ಅದರ ಬಗ್ಗೆ ನಾಚಿಕೆಯೇನೂ ಇಲ್ಲ. ಯಾಕಿರಬೇಕು? 1999ರಲ್ಲಿ ಆ ರಾಜ್ಯದ ಸರ್ಕಾರವೇ "ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದನ್ನು ಬಿಟ್ಟು" ಎಂದು ಜಾಹೀರಾತು ಮಾಡಿಕೊಂಡಿತು. ಬೆಂಗಳೂರಿನ ಕಚೇರಿಯಲ್ಲಿ ತಮ್ಮ ಗದಗಿನ ಮಾತಿಗೆ ನಕ್ಕವರನ್ನು ನೆನೆದು ನಮ್ಮ ಯಜಮಾನರು ಈ ಜಾಹೀರಾತಿನ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಾರೆ.

ಇರಲಿ, ನನ್ನ ತಪ್ಪಿಗೆ ಬರುತ್ತೇನೆ. ಮಗ ಹುಟ್ಟಿದಾಗ ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ನಾಲ್ಕೈದು ವರ್ಷಕ್ಕೆ ಬೆಂಗಳೂರಿಗೆ ವಾಪಸು ಹೋಗುತ್ತೇವೆ, ಒಳ್ಳೆಯ ಇಂಗ್ಲಿಷ್ ಶಾಲೆಗೆ ಸೇರಿಸಬೇಕು, ಸಂದರ್ಶನ ಇರುತ್ತದೆ. ಹೊರಗೆ ಹೇಗೂ ಜರ್ಮನ್ ಬರುತ್ತದೆ, ಮನೆಯಲ್ಲಿ ಇಂಗ್ಲಿಷ್ ಆಡೋಣ. ಕನ್ನಡ? ಅದು ತಾನಾಗಿ ಬರುತ್ತದೆ ಬಿಡಿ! ನಾವಿಬ್ಬರೂ ಪರಸ್ಪರ ಕನ್ನಡ, ಮಗುವಿನ ಕಡೆ ತಿರುಗಿದರೆ ಇಂಗ್ಲಿಷ್. ಹೀಗೆ ಮೂರು ವರ್ಷ ನಡೆಯಿತು. ಆಗಲೂ ನಾವು ಕನ್ನಡಾಭಿಮಾನಿಗಳೇ, ಮರೆಯಬೇಡಿ! ನಮ್ಮ ಕಪಾಟಿನಲ್ಲಿ ಕಿಟ್ಟೆಲ್ ಅವರ 1894ರ ನಿಘಂಟಿನ ಮರುಮುದ್ರಣ ಇತ್ತು. ಕಿಟ್ಟೆಲ್ 1903ರಲ್ಲಿ ತೀರಿಕೊಂಡ ಟ್ಯೂಬಿಂಗನ್ ನಮಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್ 1881ರಲ್ಲಿ ಕಣ್ಣುಮುಚ್ಚಿದ ಎಸ್ಲಿಂಗನ್ ಇನ್ನೂ ಹತ್ತಿರ. ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ದು ಹೆಮ್ಮೆಯಿಂದ ವಿವರಿಸುತ್ತಿದ್ದೆವು. ಆ ಜರ್ಮನರು ನಮ್ಮ ಪದಗಳನ್ನು ಒಂದೊಂದಾಗಿ ಆರಿಸಿ ಕೂಡಿಟ್ಟರು. ನಾವು? ಹೆತ್ತ ಮಗನಿಗೆ 'ನೀರು' ಎಂಬ ಪದ ಕೊಟ್ಟಿರಲಿಲ್ಲ.

ರಾಜ್ಯೋತ್ಸವವನ್ನೂ ಮಾಡುತ್ತಿದ್ದೆವು. ನವೆಂಬರ್ 1 ನಮ್ಮ ಆ ರಾಜ್ಯದಲ್ಲಿ ಸಂತರ ಹಬ್ಬದ ಸರ್ಕಾರಿ ರಜೆ, ಅನುಕೂಲವೇ ಆಯಿತು. ಮಗನಿಗೆ ಮೈಸೂರು ಪೇಟ ಕಟ್ಟಿ ನಾಲ್ಕು ಸಾಲು ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸಿದೆ. ಅವನು ಗಿಳಿಯ ಹಾಗೆ ಒಪ್ಪಿಸಿದ, ಜನ ಚಪ್ಪಾಳೆ ತಟ್ಟಿದರು. ಇಳಿದು ಬಂದವನೇ "ಮಮ್ಮಿ, ಕ್ಯಾನ್ ಐ ಗೋ ನೌ?" ಅಂದ. ನಾನೂ ನಕ್ಕೆ.

ನಗು ನಿಂತದ್ದು 2021ರಲ್ಲಿ, ಅವನನ್ನು ಕಿಟಾಗೆ ಸೇರಿಸುವಾಗ. ಕಿಟಾ ಅಂದರೆ ಅಲ್ಲಿನ ಶಿಶುವಿಹಾರ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಅಂಥದೊಂದು ಜಾಗ ಸಿಗಬೇಕು ಎಂಬ ಕಾನೂನು 2013ರಿಂದ ಇದೆ. ಜಾಗ ಸಿಗಲು ಅಲೆಯುವುದು ಬೇರೆ ಮಾತು. ಮೊದಲ ದಿನಗಳಲ್ಲಿ ಮಗುವನ್ನು ಬಿಟ್ಟು ಓಡಿಬರುವ ಹಾಗಿಲ್ಲ. ತಾಯಿಯೋ ತಂದೆಯೋ ಅದೇ ಕೋಣೆಯ ಮೂಲೆಯಲ್ಲಿ ಪುಟ್ಟ ಕುರ್ಚಿಯ ಮೇಲೆ ಕೂತಿರಬೇಕು. ದಿನಕ್ಕಿಷ್ಟು ಹೊತ್ತು ಎಂದು ಆಮೇಲೆ ಹೊರಗೆ ಕಳಿಸುತ್ತಾರೆ. ಮಗು ಅಲ್ಲಿನವರಿಗೆ ಒಗ್ಗಿಕೊಳ್ಳುವವರೆಗೂ ಹೀಗೆಯೇ.

ಎರಡನೆಯ ದಿನ ಅಲ್ಲಿಯ ಟೀಚರಮ್ಮ ಒಂದು ಹಾಳೆ ಕೊಟ್ಟರು. "ಮಗು ಅಳುವಾಗ, ಬಾಯಾರಿದಾಗ, ನಿದ್ದೆ ಬಂದಾಗ, ನೋವಾದಾಗ ನಿಮ್ಮ ಭಾಷೆಯಲ್ಲಿ ಏನನ್ನುತ್ತದೆ, ಬರೆದುಕೊಡಿ. ನಾವು ಕಲಿತುಕೊಳ್ಳುತ್ತೇವೆ" ಎಂದರು. ನಾನು ವಾಟರ್, ಮಿಲ್ಕ್, ಸ್ಲೀಪ್ ಎಂದು ಬರೆದುಕೊಟ್ಟೆ. ಆಕೆ ಹಾಳೆ ನೋಡಿದರು, ಅರ್ಜಿ ನೋಡಿದರು. "ಮನೆಮಾತು ಕನ್ನಡ ಎಂದು ಬರೆದಿದ್ದೀರಿ. ಇದು ಇಂಗ್ಲಿಷ್ ಅಲ್ಲವೇ?" ಎಂದರು. ವ್ಯಂಗ್ಯವಿಲ್ಲ, ಚುಚ್ಚುಮಾತಿಲ್ಲ, ಸುಮ್ಮನೆ ಕೇಳಿದ್ದು. ನಾನು ನಮ್ಮ ಲೆಕ್ಕಾಚಾರವನ್ನೆಲ್ಲ ವಿವರಿಸಿದೆ. ಆಕೆ ತಾಳ್ಮೆಯಿಂದ ಕೇಳಿ, "ಸರಿ, ಆದರೆ ನಿಮಗೆ ಸಿಟ್ಟು ಬಂದಾಗ ಅವನ ಜೊತೆ ಯಾವ ಭಾಷೆ ಆಡುತ್ತೀರಿ?" ಎಂದರು.

ಬಂಧುಗಳೇ, ನನಗೆ ಉತ್ತರ ಹೊರಡಲಿಲ್ಲ. ಸಿಟ್ಟು ಬಂದಾಗ ನಾನು ಕನ್ನಡ ಆಡುತ್ತಿದ್ದೆ. "ಎಷ್ಟು ಸಲ ಹೇಳ್ಬೇಕೋ ನಿಂಗೆ!" "ಮುಚ್ಕೊಂಡು ಕೂತ್ಕೋ!" "ಬಂದೆ ಅಂದ್ರೆ ನೋಡು!" ಮುದ್ದಿಗೆ ಇಂಗ್ಲಿಷ್, ಆಟಕ್ಕೆ ಇಂಗ್ಲಿಷ್, ರಾತ್ರಿಯ ಕಥೆಗೆ ಇಂಗ್ಲಿಷ್, ಬೈಯುವುದಕ್ಕೆ ಮಾತ್ರ ಕನ್ನಡ! ಫೋನಿನಲ್ಲಿ ನಮ್ಮಮ್ಮ ಕಾಣಿಸಿಕೊಂಡು "ಬಾರೋ ಬಂಗಾರ" ಎಂದ ಕೂಡಲೇ ಅವನು ಮೇಜಿನ ಕೆಳಗೆ ಓಡುತ್ತಿದ್ದ. ನಾಚಿಕೆ ಸ್ವಭಾವದವನು ಎಂದು ನಾವು ಸಮಜಾಯಿಷಿ ಕೊಡುತ್ತಿದ್ದೆವು. ನಾಚಿಕೆಯಲ್ಲ, ಅವನು ಹೆದರುತ್ತಿದ್ದ. ಅಜ್ಜಿ ಬೈಯುತ್ತಿದ್ದಾರೆ ಎಂದುಕೊಂಡಿದ್ದ. ಅವನ ಕಿವಿಗೆ ಆ ಭಾಷೆಯಲ್ಲಿ ಬೇರೇನೂ ಬಿದ್ದಿರಲಿಲ್ಲವಲ್ಲ!

ಅಂದು ಆ ಹಾಳೆಯನ್ನು ವಾಪಸು ತೆಗೆದುಕೊಂಡು ಮನೆಗೆ ಬಂದೆ. ನೀರು, ಹಾಲು, ಮಮ್ಮು, ತಾಚಿ, ನೋವು, ಸಾಕು ಎಂದು ಜರ್ಮನ್ ಅಕ್ಷರದಲ್ಲಿ ಬರೆದೆ. ಅವನಿಗೆ ಗೊತ್ತಿಲ್ಲದ ಪದಗಳವು. ಮೊದಲು ಮನೆಯಲ್ಲಿ ಕಲಿಸಬೇಕಿತ್ತು, ಹಾಳೆ ಆಮೇಲೆ.

ಸುಲಭವಾಗಿರಲಿಲ್ಲ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ, ಕೆಲವು ತಿಂಗಳ ಮೇಲೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಿದ್ದ. "ಹಾಗೆ ಮಾತಾಡ್ಬೇಡ" ಎಂದು ಕೈಯಿಂದ ನನ್ನ ಬಾಯಿ ಮುಚ್ಚಿದ್ದೂ ಉಂಟು. ನಾನು ಒಂದು ಪಣ ತೊಟ್ಟೆ: ಬೈಯುವುದಿದ್ದರೆ ಬೇರೆ ಯಾವುದರಲ್ಲಾದರೂ ಬೈಯುತ್ತೇನೆ, ಕನ್ನಡದಲ್ಲಿ ಬೈಯುವುದಿಲ್ಲ. ಜರ್ಮನ್‌ನಲ್ಲಿ ಬೈಯಲು ವ್ಯಾಕರಣ ಹುಡುಕುವಷ್ಟರಲ್ಲಿ ಸಿಟ್ಟೇ ಇಳಿದುಹೋಗುತ್ತಿತ್ತು! ಅವರಪ್ಪ ಉಪ್ಪುಮೂಟೆ ಶುರು ಮಾಡಿದರು. ಬೆನ್ನ ಮೇಲೆ ಏರಬೇಕಾದರೆ "ಉಪ್ಪುಮೂಟೆ" ಎನ್ನಲೇಬೇಕು. ಆ ಪದ ಒಂದೇ ದಿನದಲ್ಲಿ ಬಂತು. ರಾಗಿ ಹಿಟ್ಟಿಗೆ ನಾವು ಹೋಗುತ್ತಿದ್ದದ್ದು ಶ್ರೀಲಂಕಾ ತಮಿಳರೊಬ್ಬರ ಅಂಗಡಿಗೆ. ಅವರು ಉಟ್ಟಬಟ್ಟೆಯಲ್ಲಿ ಓಡಿಬಂದ ನಿರಾಶ್ರಿತರು; ಅವರ ಮಕ್ಕಳು ಅಲ್ಲೇ ಹುಟ್ಟಿ ಬೆಳೆದವರು, ಗಲ್ಲೆಯ ಹಿಂದೆ ನಿಂತು ಅಪ್ಪನ ಜೊತೆ ಸಲೀಸಾಗಿ ತಮಿಳಿನಲ್ಲಿ ಜಗಳವಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ. ತಮಿಳರನ್ನು ಹೊಗಳಿದೆನೆಂದು ಇಲ್ಲಿ ಯಾರೂ ಮುನಿಯಬೇಡಿ.

2022ರಲ್ಲಿ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಮೂರು ತಿಂಗಳ ವೀಸಾ ಮೇಲೆ ಬಂದರು. ನಮ್ಮ ಯಜಮಾನರು ಎರಡು ತಿಂಗಳು ರಜೆ ಹಾಕಿದರು. ಅಲ್ಲಿ ತಂದೆಗೂ ಅಂಥ ರಜೆಯ ಹಕ್ಕಿದೆ, ಸರ್ಕಾರ ಸಂಬಳದ ಒಂದು ಪಾಲು ಕೊಡುತ್ತದೆ. ಇಲ್ಲಿ ನೆಂಟರು ಮಾತ್ರ "ಕೆಲಸ ಹೋಯ್ತೇನಮ್ಮ?" ಎಂದು ಗುಟ್ಟಾಗಿ ವಿಚಾರಿಸಿದರು. ಹೆರಿಗೆಯಾದ ಮೇಲೆ ಸೂಲಗಿತ್ತಿ ಮನೆಗೇ ಬಂದು ನೋಡುವ ಪದ್ಧತಿ ಅಲ್ಲಿದೆ. ವಿಮೆಯೇ ಖರ್ಚು ಕೊಡುತ್ತದೆ. ಈಕೆ ಒಂದು ಕಡೆ ಥರ್ಮಾಮೀಟರ್ ಹಿಡಿದು "ನೀರು 37 ಡಿಗ್ರಿ" ಎನ್ನುತ್ತಾಳೆ, ಅಮ್ಮ ಇನ್ನೊಂದು ಕಡೆ ಮೊಣಕೈ ಅದ್ದಿ "ಇದೂ ಒಂದು ನೀರಾ?" ಎನ್ನುತ್ತಾರೆ. ಅಲ್ಲಿನ ಬಚ್ಚಲಲ್ಲಿ ನೀರು ಹೋಗಲು ನೆಲದಲ್ಲಿ ತೂಬಿಲ್ಲ. ನೆಲಕ್ಕೆ ಸುರಿದರೆ ಕೆಳಗಿನ ಮನೆಯ ಮುದುಕಿಯ ತಲೆಯ ಮೇಲೆ. ಅಮ್ಮ ಸೀರೆ ಎತ್ತಿಕಟ್ಟಿ ತೊಟ್ಟಿಯೊಳಗೇ ಕೂತು, ಕಾಲು ನೀಡಿ, ಕೂಸನ್ನು ಮಲಗಿಸಿಕೊಂಡು ಎರೆದರು. ಸೂಲಗಿತ್ತಿ ಕಣ್ಣು ಬಿಟ್ಟುಕೊಂಡು ನೋಡಿದಳು. ಇಬ್ಬರ ಮಾತನ್ನೂ ನಾನು ಅರ್ಧರ್ಧ ನುಂಗಿಕೊಂಡು ಭಾಷಾಂತರ ಮಾಡಿದೆ. ಸಾಂಬ್ರಾಣಿ ಹಾಕಿದ ದಿನ ಛಾವಣಿಯ ಹೊಗೆ ಎಚ್ಚರಿಕೆ ಗಂಟೆ ಹೊಡೆದುಕೊಂಡು ಇಡೀ ಕಟ್ಟಡ ಹೊರಗೆ ಬಂತು.

ಆ ಮೂರು ತಿಂಗಳಲ್ಲಿ ನಡೆದದ್ದೇ ಬೇರೆ. ಅಮ್ಮನಿಗೆ ಜರ್ಮನ್ ಇಲ್ಲ, ಇಂಗ್ಲಿಷ್ ಇಲ್ಲ. ಆದರೆ ಬೆಳಗ್ಗೆ ಒಂದು ಸುತ್ತು ಹೊರಗೆ ಹೋಗದಿದ್ದರೆ ಆಗದು. ನಾನು ಹಸಿ ಬಾಣಂತಿ, ಜೊತೆಗೆ ಕಳಿಸಲು ಇದ್ದವನು ನಾಲ್ಕು ವರ್ಷದ ಮಗ. ಬೀದಿಯ ತುದಿಯಲ್ಲಿ ಬೇಕರಿ. ಮೊದಲ ದಿನ ಏನಾಯಿತೆಂದು ಅಮ್ಮ ಬಂದು ಹೇಳಿದರು. ಅಂಗಡಿಯಾಕೆ ಏನೋ ಕೇಳಿದಳಂತೆ, ಇವರು ಬೆಪ್ಪಾಗಿ ನಿಂತರಂತೆ. ಇವನು ಅಜ್ಜಿಯ ಸೆರಗು ಎಳೆದು "ಅಜ್ಜಿ, ಬೆಣ್ಣೆ ಬೇಕಾ ಬೇಡ್ವಾ?" ಎಂದನಂತೆ. ಆ ಊರಿನ ಬ್ರೆಟ್ಸೆಲ್ ಎಂಬ ತಿರುಚಿದ ರೊಟ್ಟಿಯನ್ನು ಬೆಣ್ಣೆ ಹಚ್ಚಿಯೂ ಕೊಡುತ್ತಾರೆ, ಹಾಗೇ ಕೊಡುವುದೂ ಉಂಟು. ಅವನು ತಾನಾಗಿ ಜೋಡಿಸಿ ಆಡಿದ ಮೊದಲ ಕನ್ನಡದ ಮಾತು ಅದು. ಒಂದು ವರ್ಷ ನಾನು ಹೆಣಗಿದರೂ ಬಾರದ ಭಾಷೆ, ಅಜ್ಜಿಗೆ ಅವನಿಲ್ಲದೆ ರೊಟ್ಟಿ ಸಿಗುವುದಿಲ್ಲ ಎಂದಾದಾಗ ಬಂತು. ಆಮೇಲೆ ಅವನೇ ದುಭಾಷಿ. ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ, ಕೆಳಗಿನ ಮುದುಕಿಯ ಜೊತೆ. ಶ್ವೇಬಿಶ್‌ನಿಂದ ನೇರವಾಗಿ ಅರಸೀಕೆರೆ ಕನ್ನಡಕ್ಕೆ! ನಡುವೆ ಯಾವ ನಿಘಂಟೂ ಇಲ್ಲ.

2023ರಲ್ಲಿ ರಜೆಗೆ ಅರಸೀಕೆರೆಗೆ ಬಂದೆವು. ಬೆಂಗಳೂರಿನಿಂದ ನನ್ನ ತಂಗಿಯೂ ಬಂದಳು, ಅವಳ ಮಗ ಇವನ ಓರಗೆಯವನು. ಅಮ್ಮ ಅಡುಗೆಮನೆಯಿಂದ "ಕೈ ತೊಳ್ಕೊಂಡ್ ಬನ್ರೋ, ಒಬ್ಬಟ್ಟು ಕೊಡ್ತೀನಿ" ಎಂದು ಕೂಗಿದರು. ತಂಗಿಯ ಮಗ "ವಾಟ್?" ಎಂದ. ಅಜ್ಜಿಯ ಮಾತು ಯಾರಿಗೆ ತಿಳಿಯದಿದ್ದರೂ ಹೇಳಬೇಕಾದದ್ದು ತನ್ನ ಕೆಲಸ ಎಂದು ತಿಳಿದಿದ್ದ ನನ್ನ ಮಗ ಕೂಡಲೇ ಮುಂದೆ ಬಂದು ಜರ್ಮನ್‌ನಲ್ಲಿ "ಹೆಂಡೆ ವಾಶೆನ್!" ಎಂದ. ಕೈ ತೊಳೆ ಅಂತ. ಮೂರು ವರ್ಷ ನಾವು ಕಷ್ಟಪಟ್ಟು ತುಂಬಿದ ಇಂಗ್ಲಿಷ್ ಅಷ್ಟರಲ್ಲಿ ಹೇಳದೆ ಕೇಳದೆ ಹೋಗಿಬಿಟ್ಟಿತ್ತು ನೋಡಿ! ಅಮ್ಮ ಒಳಗಿಂದ, "ಏನೋ ಅದು, ಮಕ್ಕಳ ಬಾಯಲ್ಲಿ ಹೆಂಡ ಗಿಂಡ?" ಎಂದರು. ಎಲ್ಲರೂ ಬಿದ್ದುಬಿದ್ದು ನಕ್ಕೆವು. ನನ್ನ ತಂಗಿ ನಗಲಿಲ್ಲ. ಅವಳಿಗೆ ನಾನೇನೂ ಹೇಳಲಿಲ್ಲ. ಹೇಳುವ ಯೋಗ್ಯತೆ ನನಗೆಲ್ಲಿದೆ? ನಾನು ಸಮುದ್ರದಾಚೆ ಮಾಡಿದ್ದನ್ನು ಅವಳು ಮಲ್ಲೇಶ್ವರದಲ್ಲಿ ಕೂತು ಮಾಡಿದ್ದಳು, ಅಷ್ಟೇ ವ್ಯತ್ಯಾಸ. ಎರಡು ಹುಡುಗರಿಗೂ ಆಡಲು ಬೇರೆಯವರು ಸಿಗಲಿಲ್ಲ, ನಡುವೆ ಬೇರೆ ಭಾಷೆಯೂ ಇರಲಿಲ್ಲ. ನಾಲ್ಕು ವಾರ ಕಳೆಯುವಷ್ಟರಲ್ಲಿ ಹಿತ್ತಲಿನಿಂದ ಇಬ್ಬರ ಜಗಳವೂ ಕನ್ನಡದಲ್ಲೇ ಕೇಳಿಸುತ್ತಿತ್ತು.

ಇದನ್ನು ಗೆಲುವು ಎಂದು ನಾನು ಹೇಳಲಾರೆ. ಮಗ ಈಗ ಎರಡನೆಯ ತರಗತಿ. ಲೆಕ್ಕ ಮಾಡುವುದು, ಕನಸಿನಲ್ಲಿ ಕನವರಿಸುವುದು ಎಲ್ಲ ಜರ್ಮನ್. ಕನ್ನಡ ಅಕ್ಷರ ಕಲಿಯೋ ಎಂದರೆ ಹೊಟ್ಟೆನೋವು ಬರುತ್ತದೆ. ಮಗಳ ಕನ್ನಡ ಅಣ್ಣನದಕ್ಕಿಂತ ಚೆನ್ನಾಗಿದೆ, ಅರ್ಧ ಗದಗು, ಅರ್ಧ ಅರಸೀಕೆರೆ. ಹದಿನೈದು ವರ್ಷಕ್ಕೆ ಏನಾಗುತ್ತದೋ ಕಾಣೆ. ಅಮ್ಮನಿಗೆ ಈಗ ಮಂಡಿನೋವು, ಮತ್ತೆ ಅಷ್ಟು ದೂರ ಬರಲಾರರು.

ನನ್ನ ಮಕ್ಕಳಿಬ್ಬರೂ ತಂಗಿಯ ಮಗನೂ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಸಂಘಟಕರು ಬೆಳಗ್ಗೆಯೇ "ಮಕ್ಕಳನ್ನು ವೇದಿಕೆಗೆ ಕರೆದು ಎರಡು ಮಾತು ಆಡಿಸೋಣ" ಎಂದರು. ದಯವಿಟ್ಟು ಕರೆಯಬೇಡಿ ಎಂದು ಕೈಮುಗಿದೆ. ಊಟದ ಹೊತ್ತಾಗಿದೆ, ಹಸಿವಾದರೆ ಅವರೇ ಮಾತಾಡುತ್ತಾರೆ.